ಅತ್ತೆಯ ಮಣೆಯ ಮೇಲೆ ಕೂತವಳು

ಮದುವೆಯಾದ ವರ್ಷದಿಂದ ನನ್ನ ತವರಿನವರು ವರ್ಷಕ್ಕೊಮ್ಮೆ ನನ್ನನ್ನು ಸತ್ತವಳೊಬ್ಬಳ ಮಣೆಯ ಮೇಲೆ ಕೂರಿಸುತ್ತಿದ್ದರು. ಸತ್ತವಳು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ. ಪಿತೃಪಕ್ಷದಲ್ಲಿ ಅವಿಧವಾ ನವಮಿ ಅಂತ ಒಂದು ದಿನ ಬರುತ್ತದೆ. ಗಂಡನಿರುವಾಗಲೇ ತೀರಿಕೊಂಡ ಹೆಣ್ಣುಮಕ್ಕಳ ಹೆಸರಿನಲ್ಲಿ ಒಬ್ಬ ಮುತ್ತೈದೆಯನ್ನು ಕರೆದು, ಎಣ್ಣೆ ನೀರು ಹಾಕಿ, ಸೀರೆ ಬಳೆ ಕೊಟ್ಟು, ಊಟಕ್ಕೆ ಬಡಿಸುವ ದಿನ. ಬಂದವಳು ಆ ಹೊತ್ತಿನ ಮಟ್ಟಿಗೆ ಸತ್ತವಳೇ. ಸತ್ತವಳಿಗೆ ಏನು ಸೇರುತ್ತಿತ್ತೋ ಅದನ್ನೇ ಬಡಿಸಬೇಕು. ಇದನ್ನೆಲ್ಲ ಗಂಡನ ಮನೆಯವರು ಮಾಡುವುದು ರೂಢಿ. ಆದರೆ ಅತ್ತೆ ತೀರಿಕೊಂಡದ್ದು ತವರಿಗೆ ಬಂದಾಗ, ನಮ್ಮ ಶಹಾಬಾದಿನ ಮನೆಯ ಹಿಂದಿರುವ ಖಣಿಯಲ್ಲಿ. ಖಣಿ ಅಂದರೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಹಾಗೇ ಬಿಟ್ಟ ಆಳದ ತಗ್ಗು. ಮಳೆಗಾಲದಲ್ಲಿ ಅದು ತುಂಬಿ ಹಸಿರು ನೀರು ನಿಲ್ಲುತ್ತದೆ. ಕಾಲು ಜಾರಿತು ಎಂದು ಮನೆಯವರು ಹೇಳುತ್ತಿದ್ದರು. ಆಯಿ, ಅಂದರೆ ಅಪ್ಪನ ತಾಯಿ, ಹಟ ಹಿಡಿದು ಮಗಳ ನವಮಿಯನ್ನು ತನ್ನ ಮನೆಯಲ್ಲೇ ಮಾಡಿಸುತ್ತ ಬಂದಳು.

ಅತ್ತೆಗೆ ಗೋರಿಕಾಯಿ ಪಲ್ಯ ಅಂದರೆ ಪ್ರಾಣವಂತೆ. ನನಗೆ ಅದನ್ನು ಕಂಡರಾಗದು. ಎಲೆಯ ಮುಂದೆ ಕೂತು, "ಹಾಕ್ರಿ, ಇನ್ನಾ ಹಾಕ್ರಿ, ಸತ್ತಾಕಿ ಹೊಟ್ಟಿ ತುಂಬ್ಲಿ, ನನ್ನ ಹೊಟ್ಟಿ ಕೆಡ್ಲಿ" ಎಂದರೆ ಆಯಿ ಕಣ್ಣು ಕೆಂಪಗೆ ಮಾಡುತ್ತಿದ್ದಳು. "ಬಾಯಿ ನೋಡು ಇಕಿದು! ಸುಮ್ನ ಉಣ್ಣು." ವಾಡಿಯಿಂದ ಅತ್ತೆಯ ಗಂಡ ಬಂದು ಹೊರಗಿನ ಪಡಸಾಲೆಯಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ನನಗೆ ಅವರು ಮಾಮಾ. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಎರಡನೆಯ ಮದುವೆಯಾದವರು. ಅವರ ಕಾಟಕ್ಕೇ ಅತ್ತೆ ಖಣಿಗೆ ಹೋದಳು ಎಂಬ ಪಿಸುಮಾತು ನೆಂಟರಲ್ಲಿ ಇತ್ತು. ಆಯಿ ಅವರ ಎಲೆಗೆ ಬಡಿಸುತ್ತಿದ್ದಳು, ಮಾತಾಡಿಸುತ್ತಿರಲಿಲ್ಲ. ಉಂಡು ಎದ್ದು ಅವರು ಮಧ್ಯಾಹ್ನದ ಗಾಡಿಗೆ ಹೋಗಿಬಿಡುತ್ತಿದ್ದರು.

ನಾನು ಸೇಡಂನ ಒಂದು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಗಂಡ ಸಿಮೆಂಟು ಕಾರ್ಖಾನೆಯ ಲ್ಯಾಬಿನಲ್ಲಿದ್ದಾನೆ. ಅನುವಂಶೀಯತೆಯ ಪಾಠ ನನಗೆ ನೀರು ಕುಡಿದಷ್ಟು ಸಲೀಸು. ಎತ್ತರದ ಬಟಾಣಿ, ಗಿಡ್ಡ ಬಟಾಣಿ, ಒಂದು ತಲೆಮಾರಿನಲ್ಲಿ ಅಡಗಿ ಮುಂದಿನದರಲ್ಲಿ ತಲೆಯೆತ್ತುವ ಗುಣ. ಒಬ್ಬ ಹುಡುಗಿ ಎದ್ದು ನಿಂತು, "ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರಲ್ಲ, ಅದೇ ಏನ್ರಿ ಟೀಚರ್?" ಎಂದು ಕೇಳಿದ್ದಳು. "ಹೌದವ್ವಾ, ಅದೇ. ಪರೀಕ್ಷೆದಾಗ ಮಾತ್ರ ಹಂಗ ಬರೀಬ್ಯಾಡ" ಎಂದು ಎಲ್ಲರನ್ನೂ ನಗಿಸಿದ್ದೆ. ನಮ್ಮ ಮನೆಯಲ್ಲಿ ಯಾವ ನೂಲು, ಯಾವ ಸೀರೆ ಎಂದು ನಾನೇನೂ ವಿಚಾರ ಮಾಡಿರಲಿಲ್ಲ. ಬಟಾಣಿ ಗಿಡಕ್ಕೆ ನೆಂಟರ ಭಯವಿಲ್ಲ, ಪಾಪ.

ಒಂದು ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನಗೆ ಕೆಟ್ಟದಾಯಿತು. ಏನು ಕೆಟ್ಟದಾಯಿತು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಹಲ್ಲುಜ್ಜುವ ಕೆಲಸ ಗುಡ್ಡ ಹತ್ತಿದಂತಾಗುತ್ತಿತ್ತು. ಬೆಳಿಗ್ಗೆ ಹತ್ತರ ಬಿಸಿಲು ಗ್ರಹಣ ಹಿಡಿದ ಬೆಳಕಿನಂತೆ ಕಾಣುತ್ತಿತ್ತು. ಎಲ್ಲವೂ ಅದರದರ ಜಾಗದಲ್ಲೇ ಇದೆ, ಆದರೆ ಯಾವುದೂ ನಿಜವಲ್ಲ. ಅನ್ನ, ಸಾರು, ಮಾವಿನಹಣ್ಣು, ಎಲ್ಲಕ್ಕೂ ಒಂದೇ ರುಚಿ. ತರಗತಿಯಲ್ಲಿ ಹಲಗೆಯ ಮುಂದೆ ಸುಣ್ಣದ ಕಡ್ಡಿ ಹಿಡಿದು ನಿಂತರೆ ಬರೆಯಬೇಕಾದ ಪದ ಇನ್ಯಾರದೋ ತಲೆಯಲ್ಲಿದ್ದಂತೆ ಅನಿಸುತ್ತಿತ್ತು. ಮಕ್ಕಳು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಆ ಮೌನ ನನಗೆ ಭಯ ಹುಟ್ಟಿಸಿತು.

ರಜೆ ಹಾಕಿ ಮನೆಯಲ್ಲಿ ಕೂತೆ. ಸುದ್ದಿ ತಿಳಿದು ಅಪ್ಪ ಆಯಿಯನ್ನು ಕರೆದುಕೊಂಡು ಸೇಡಂಗೆ ಬಂದ. ಅಂದು ಮಧ್ಯಾಹ್ನ ನಾನು ಗೋಡೆಯ ಕಡೆ ಮುಖ ಮಾಡಿ, ಸೆರಗಿನ ಅಂಚಿನಿಂದ ಒಂದೊಂದೇ ಎಳೆ ಬಿಡಿಸುತ್ತ ಕೂತಿದ್ದೆ. ಹಿಂದಿನಿಂದ ಆಯಿಯ ಉಸಿರು ಕೇಳಿಸಿತು. ತಿರುಗಿ ನೋಡಿದರೆ ಆಕೆ ಹೊಸ್ತಿಲಿನ ಆಚೆಯೇ ನಿಂತಿದ್ದಾಳೆ, ಒಳಗೆ ಬರುತ್ತಿಲ್ಲ. ಚೌಕಟ್ಟನ್ನು ಬಿಗಿಯಾಗಿ ಹಿಡಿದಿದ್ದಾಳೆ. ನನ್ನ ಮುಖ ನೋಡಿದ ಮೇಲೂ ಆಕೆಯ ಕಣ್ಣುಗಳು ಬೇರೆ ಯಾರನ್ನೋ ನೋಡುತ್ತಿದ್ದವು.

"ಯಾಕ ಆಯಿ, ಬಾ ಒಳಗ" ಎಂದೆ.

"ಗ್ವಾಡಿ ಕಡಿ ಮಾರಿ ಮಾಡಿ ಕುಂದ್ರಬ್ಯಾಡ" ಎಂದಳು. "ಯಾವತ್ತೂ ಕುಂದ್ರಬ್ಯಾಡ. ಆ ಎಳಿ ಬಿಚ್ಚೋದು ಬಿಡು ಮೊದ್ಲ." ಬಂದು ನನ್ನ ಕೈಯಿಂದ ಸೆರಗನ್ನು ಕಸಿದುಕೊಂಡಳು. ಇದು ಯಾರ ಚಟವಾಗಿತ್ತು ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ಆದರೆ ಅಂದಿನಿಂದ ನನಗೆ ಒಂದೇ ಭಯ ಅಂಟಿಕೊಂಡಿತು: ಅತ್ತೆ ಹೋದ ದಾರಿಯಲ್ಲೇ ನಾನೂ ಹೋಗುತ್ತಿದ್ದೇನೆ.

ಸೇಡಂಗೆ ವಾರಕ್ಕೊಮ್ಮೆ ಬರುವ ಮನೋವೈದ್ಯರ ಹತ್ತಿರ ಹೋದೆವು. ಒಳ್ಳೆಯ ಮನುಷ್ಯ, ಅವಸರವಿರಲಿಲ್ಲ. ಎಲ್ಲ ಕೇಳಿ ಕೊನೆಗೆ, "ಮನೆತನದಾಗ ಯಾರಿಗಾದರೂ ಹಿಂಗ ಆಗಿತ್ತೇನ್ರಿ? ಮನಸ್ಸಿನ ಕಾಯಿಲೆ, ಆತ್ಮಹತ್ಯೆ, ಅಥವಾ ಒಮ್ಮೆಲೇ ಭಾಳ ಹುರುಪು ಬರೋದು?" ಎಂದರು.

"ಛೇ ಛೇ, ನಮ್ಮ ಮನಿತನದಾಗ ಅಂಥಾದ್ದೇನೂ ಇಲ್ರೀ" ಎಂದ ಅಪ್ಪ. ಆಯಿ ತಲೆಯಾಡಿಸಿದಳು. ನಾನೂ ಸುಮ್ಮನಿದ್ದೆ.

ಅಪ್ಪ ಸುಳ್ಳು ಹೇಳಲಿಲ್ಲ. ಇದನ್ನು ನಮ್ಮಂಥ ಮನೆಗಳಲ್ಲಿ ಬೆಳೆದವರೇ ಅರ್ಥ ಮಾಡಿಕೊಳ್ಳಬೇಕು. ಗಂಡನಿರುವಾಗ ಸತ್ತ ಹೆಣ್ಣು ನಮ್ಮಲ್ಲಿ ಸತ್ತವಳಲ್ಲ, ಹೆಚ್ಚುಕಡಿಮೆ ದೇವರು. ಮದುವೆ ಮುಂಜಿಗಳಿಗೆ ಮೊದಲು ಅವಳಿಗೆ ಕುಂಕುಮ ಏರಿಸುತ್ತಾರೆ, ಅವಳ ಹೆಸರಿನಲ್ಲಿ ಸೀರೆ ತೆಗೆದಿಡುತ್ತಾರೆ. ದೇವರಿಗೆ ಏನು ಕಾಯಿಲೆ ಇತ್ತು ಎಂದು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ? ಮನೆತನದ ರೋಗಿಗಳನ್ನು ಅಪ್ಪ ಮನಸ್ಸಿನಲ್ಲೇ ಹುಡುಕಿ ನೋಡಿರಬೇಕು. ಅಜ್ಜನ ಸಕ್ಕರೆ ಕಾಯಿಲೆ, ಕಾಕಾನ ದಮ್ಮು ಎಲ್ಲ ಸಿಕ್ಕಿರಬೇಕು. ಅಕ್ಕ ಆ ಸಾಲಿನಲ್ಲಿ ಇರಲೇ ಇಲ್ಲ. ಅವಳು ಪೂಜೆಯ ಸಾಲಿನಲ್ಲಿದ್ದಳು.

ಡಾಕ್ಟರು ಖಿನ್ನತೆಗೆ ಒಂದು ಗುಳಿಗೆ ಕೊಟ್ಟರು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಚಹಾಕ್ಕೆ ಚಹಾದ ರುಚಿ ಬಂತು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಗಂಡ ಬಂದು ಅಪ್ಪಿಕೊಂಡ. ಆ ದಿನದ ಸಂತೋಷವನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ, ಅದು ನಿಜವಾದ ಸಂತೋಷ.

ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಬೆಳಕು ದಿನದಿನಕ್ಕೂ ಹೆಚ್ಚುತ್ತ ಹೋಯಿತು. ತೊಗರಿ ಹೊಲದ ಹಸಿರು ಕಣ್ಣಿಗೆ ಚುಚ್ಚುತ್ತಿತ್ತು. ಪಕ್ಕದ ಮನೆಯ ಕುಕ್ಕರಿನ ಸೀಟಿಯಲ್ಲಿ ನನಗೊಂದು ಸಂದೇಶ ಇದ್ದಂತೆ ಕೇಳುತ್ತಿತ್ತು. ನಿದ್ದೆ ಕಡಿಮೆಯಾಯಿತು, ಆದರೆ ದಣಿವೇ ಇಲ್ಲ. ಮನೆಯ ಫರಸಿಯನ್ನು ಬೂದಿ ಹುಣಸೆಹುಳಿ ಹಾಕಿ ತಿಕ್ಕಿದೆ, ಕಲ್ಲಿನ ನೀಲಿ ಬಣ್ಣ ಎದ್ದು ಬರುವತನಕ ತಿಕ್ಕಿದೆ. ಬಳೆಗಾರನ ಅಂಗಡಿಗೆ ಹೋಗಿ ಮೊಳಕೈತನಕ ಹಸಿರು ಬಳೆ ಇಡಿಸಿಕೊಂಡು ಬಂದೆ. ಮಾತು ಮಾತು ಮಾತು. ಗಂಡ, "ಸ್ವಲ್ಪ ಮಲಕೋ" ಎಂದರೆ, "ನನಗ ನಿದ್ದಿ ಬ್ಯಾಡಾಗೇದ" ಎಂದು ನಗುತ್ತಿದ್ದೆ. ಅವನಿಗೆ ಅನುಮಾನ ಬಂದು ಡಾಕ್ಟರು ಮತ್ತೆ ಬರುವ ದಿನಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ನವಮಿ ಬಂತು, ನಾವು ಶಹಾಬಾದಿಗೆ ಹೋದೆವು.

ತವರಿನಲ್ಲಿ ನನ್ನನ್ನು ನೋಡಿ ಅವ್ವನಿಗೆ ಹಬ್ಬ. "ನೋಡ್ರಿ, ಅಕ್ಕನವರು ಒಲದಾರ. ಹ್ಯಾಂಗಿದ್ದಾಕಿ ಹ್ಯಾಂಗಾಗ್ಯಾಳ!" ಎಂದು ಅತ್ತೆಯ ಹೆಸರಿನಲ್ಲಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಆಯಿ ಮಾತ್ರ ನನ್ನ ಕೈಯ ಬಳೆಗಳನ್ನು ಒಮ್ಮೆ ಮುಟ್ಟಿ, ಹೋಗಿ ಮಲಗಿಬಿಟ್ಟಳು.

ನವಮಿಯ ಹಿಂದಿನ ದಿನ ನಡುಮಧ್ಯಾಹ್ನ ನಾನು ಒಬ್ಬಳೇ ಖಣಿಗೆ ಹೋದೆ. ಬಿಸಿಲು ಸುಡುತ್ತಿತ್ತು, ಒಂದು ಹಕ್ಕಿಯ ಸದ್ದಿಲ್ಲ. ಕಲ್ಲು ಕಡಿದ ಪದರಗಳು ದಂಡೆಯಿಂದ ನೀರಿನೊಳಗೆ ಇಳಿಯುತ್ತ ಹೋಗುತ್ತವೆ, ಯಾರೋ ಮೆಟ್ಟಿಲು ಮಾಡಿಟ್ಟಂತೆ. ಎರಡು ಮೆಟ್ಟಿಲು ನೀರಿನ ಕೆಳಗೂ ಕಾಣುತ್ತಿದ್ದವು, ಅದರ ಕೆಳಗೆ ಹಸಿರು. ನಾನು ಅಲ್ಲಿ ಸಾಯಬೇಕೆಂದು ಹೋಗಿರಲಿಲ್ಲ. ಸಾವಿನ ನೆನಪೇ ಇರಲಿಲ್ಲ. ಆ ಮೆಟ್ಟಿಲುಗಳು ಎಲ್ಲಿಗೋ ಹೋಗುತ್ತವೆ, ಅಲ್ಲಿ ನನ್ನಿಂದ ಒಂದು ಕೆಲಸ ಆಗಬೇಕಾಗಿದೆ, ನನಗೇನೂ ಆಗುವುದಿಲ್ಲ ಎಂಬ ಖಾತ್ರಿ ಇತ್ತು. ನನಗೆ ಈಜು ಬರುವುದಿಲ್ಲ. ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟೆ, ತಣ್ಣಗೆ ಹಿತವಾಗಿತ್ತು. ಆಗ ಮೊಬೈಲು ಬಡಿದುಕೊಂಡಿತು. "ಎಲ್ಲಿದ್ದೀ? ಊಟಕ್ಕ ಬಾ" ಎಂದ ಗಂಡ. ನಾಳೆ ಬಂದರಾಯಿತು ಎಂದುಕೊಂಡು ಬೇಜಾರಿನಿಂದ ತಿರುಗಿದೆ.

ಮರುದಿನ ಎಣ್ಣೆ ನೀರಾಯಿತು. ಹೊಸ ಸೀರೆ ಉಡಿಸಿ, ಅರಿಸಿನ ಹಚ್ಚಿ ಅತ್ತೆಯ ಮಣೆಯ ಮೇಲೆ ಕೂರಿಸಿದರು. ಅವ್ವ ಗೋರಿಕಾಯಿ ಪಲ್ಯ ಬಡಿಸಿದಳು. ಬಾಯಿಗಿಟ್ಟೆ, ರುಚಿಯಾಗಿತ್ತು! "ಇನ್ನಾ ಹಾಕು" ಎಂದೆ. ಹಾಕಿದಳು. ಮತ್ತೆ ಕೇಳಿದೆ. ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಪ್ಪ ನನ್ನ ಮುಖ ನೋಡಿದ. ನಾನು ಎಡಗೈ ಬೀಸುತ್ತ, ನನಗೆ ನಿದ್ದೆಯೇ ಬೇಡವಾಗಿದೆ ಎಂದು ಮಾತಾಡುತ್ತ, ನಗುತ್ತ, ಉಣ್ಣುತ್ತಲೇ ಇದ್ದೆ. ಪಡಸಾಲೆಯಲ್ಲಿ ಮಾಮಾ ಅನ್ನ ಕಲಸುವುದನ್ನು ನಿಲ್ಲಿಸಿ ತಲೆಯೆತ್ತಿ ಬಾಗಿಲೊಳಗಿಂದ ನನ್ನನ್ನೇ ನೋಡುತ್ತಿದ್ದರು.

ಕೈ ತೊಳೆದು ಎದ್ದೆ. "ನಾ ಖಣಿ ಕಡಿ ಹೋಗಿ ಬರ್ತೀನಿ. ಸ್ವಲ್ಪ ಕೆಲಸ ಅದ" ಎಂದೆ.

ನೀರಿನ ತಂಬಿಗೆ ಉರುಳಿದ ಸದ್ದಾಯಿತು. ಮಾಮಾ ಎಂಜಲು ಕೈಯಲ್ಲೇ ಎದ್ದು ಬಂದು ತಲಬಾಗಿಲಿಗೆ ಅಡ್ಡ ನಿಂತರು. ಅಷ್ಟು ವರ್ಷಗಳಲ್ಲಿ ಆ ಮನೆಯೊಳಗೆ ಅವರ ದನಿ ಕೇಳಿದ್ದು ಅದೇ ಮೊದಲು.

"ಇಕಿಗಿ ಬಿಡಬ್ಯಾಡ್ರಿ! ಯಾರರ ಹಿಡೀರಿ ಇಕಿಗಿ!"

"ಏನಾತು ನಿಮಗ?" ಎಂದ ಅಪ್ಪ.

"ಅಕಿನೂ ಇದೇ ಅಂದಿದ್ದಳು. ಇದೇ ಮಾತು. ಇದೇ ಜಾಗಾದಾಗ ನಿಂತು. 'ಖಣಿ ಕಡಿ ಹೋಗಿ ಬರ್ತೀನಿ, ಸ್ವಲ್ಪ ಕೆಲಸ ಅದ.' ನಾ ಹೋಗಿ ಬಾ ಅಂದೆ. ನಕ್ಕೋತ ಹೋದಳ್ರೀ, ನಕ್ಕೋತ!" ಮಾಮಾ ಚಿಕ್ಕ ಮಗುವಿನಂತೆ ಅಳುತ್ತಿದ್ದರು. "ಈ ಬಳಿ, ಈ ಮಾತು, ನಿದ್ದಿ ಬ್ಯಾಡಾಗೇದ ಅಂತ ಕುಣಿಯೋದು. ಎಲ್ಲಾ ಅಕಿನೇ. ಎಲ್ಲಾ ಅದೇ ಚಾಳಿ."

ನನ್ನ ಗಂಡ ನನ್ನ ತೋಳು ಹಿಡಿದ. ನಾನು ಕೊಸರಿಕೊಂಡೆ, ಕೆಟ್ಟದಾಗಿ ಬೈದೆ. ಸಿಟ್ಟು ಉಕ್ಕಿ ಬರುತ್ತಿತ್ತು, ಆದರೆ ಅದರ ಅಡಿಯಲ್ಲಿ ಎಲ್ಲೋ ಒಂದು ತಣ್ಣನೆಯ ಜಾಗ ಹುಟ್ಟಿತ್ತು. ನಿದ್ದೆ ಬೇಡವಾಗಿದೆ ಎಂಬ ಮಾತು ನನ್ನದೇ ಎಂದುಕೊಂಡಿದ್ದೆ. ಖಣಿಯಲ್ಲಿ ಕೆಲಸವಿದೆ ಎಂಬ ವಿಚಾರವೂ ನನ್ನದೇ ಎಂದುಕೊಂಡಿದ್ದೆ. ನಾನು ಹುಟ್ಟುವ ಮೊದಲೇ ಒಬ್ಬಳು ಅದನ್ನು ಅಕ್ಷರ ಬಿಡದೆ ಆಡಿ ಹೋಗಿದ್ದಳು.

ಅಪ್ಪ ಕೇಳಿದ, ಮಾಮಾ ಒಂದೊಂದಾಗಿ ಹೇಳಿದರು. ಅತ್ತೆಗೂ ಮೊದಲು ಮಂಕು ಹಿಡಿದಿತ್ತು. ಮಾಮಾ ಯಾರಿಗೂ ತಿಳಿಯದಂತೆ ಸೊಲ್ಲಾಪುರದ ಡಾಕ್ಟರಿಗೆ ತೋರಿಸಿದ್ದರು, ಅವರು ದುಃಖ ಕಡಿಮೆಯಾಗುವ ಗುಳಿಗೆ ಕೊಟ್ಟಿದ್ದರು. ಮಂಕು ಹೋಗಿ ಹುರುಪು ಬಂತು. ಹುಷಾರಾದಳು ಎಂದು ಖುಷಿಪಟ್ಟು ಅವಳನ್ನು ತವರಿಗೆ ಕರೆತಂದರು. ಆಮೇಲೆ ನೆಂಟರು ಕಾಟ ಕೊಟ್ಟ ಎಂದು ಆಡಿಕೊಂಡರೂ ಅವರು ಬಾಯಿಗೆ ಬೀಗ ಹಾಕಿಕೊಂಡರು.

"ಸತ್ತಾಕಿಗೆ ಹುಚ್ಚಿ ಅನ್ನೂದು ಬ್ಯಾಡ ಅಂತ ಸುಮ್ನಿದ್ದೆ" ಎಂದರು. "ಮಂದಿ ನನಗ ಅನ್ಲಿ ಅಂದೆ."

ಆಯಿ ಗೋಡೆಗೆ ಒರಗಿ ಕೂತು ಎಲ್ಲ ಕೇಳಿದಳು. ಒಂದು ಹನಿ ಕಣ್ಣೀರಿಲ್ಲ. "ಗಾಡಿ ಕರೀರಿ. ಈಗಿಂದೀಗ ಕಲಬುರಗಿಗೆ ಹೋಗೂಣು. ನಾನೂ ಬರ್ತೀನಿ" ಎಂದಳು. ಅಪ್ಪ ಬೇಡವೆಂದ. "ನೀ ಸುಮ್ಕಿರು" ಎಂದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಮಾಮಾ ಹೇಳಿದ್ದನ್ನು ಅಪ್ಪ ತಡವರಿಸುತ್ತ ಹೇಳಿದ. ಅವರು ಆ ಗುಳಿಗೆಯನ್ನು ಕೂಡಲೇ ನಿಲ್ಲಿಸಿದರು. ನನ್ನನ್ನು ಅಲ್ಲೇ ಉಳಿಸಿಕೊಂಡರು. ಸೂಜಿ ಚುಚ್ಚಿ ಮಲಗಿಸಿದರು, ಲಿಥಿಯಂ ಎಂಬ ಒಂದು ಲವಣದ ಗುಳಿಗೆ ಶುರು ಮಾಡಿದರು. ಈಗಲೂ ಅದನ್ನೇ ನುಂಗುತ್ತೇನೆ. ಆಗಾಗ ರಕ್ತ ಪರೀಕ್ಷೆ, ಸೇಡಂನ ಬೇಸಿಗೆಯಲ್ಲಿ ತಪ್ಪದೆ ನೀರು. ಮೊದಲ ಕೆಲವು ದಿನ ನನಗೆ ನೆಟ್ಟಗೆ ನೆನಪಿಲ್ಲ. ನಾನು ಸ್ವಲ್ಪ ಶಾಂತವಾದ ಮೇಲೆ ಅವರು ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದರು.

ಮೆದುಳಿನ ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕಗಳ ಮೂಲಕ ಸುದ್ದಿ ಕಳಿಸುತ್ತದೆ, ಸೆರೊಟೋನಿನ್ ಅಂಥದ್ದೊಂದು. ನನಗೆ ಮೊದಲು ಕೊಟ್ಟ ಗುಳಿಗೆ ಅದನ್ನು ಕೋಶಗಳ ನಡುವೆ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಬಹಳ ಜನರಿಗೆ ಅದು ಒಳ್ಳೆಯದನ್ನೇ ಮಾಡುತ್ತದೆ. ಆದರೆ ಕೆಲವರಲ್ಲಿ ಮಂಕು ಮತ್ತು ಹುರುಪು ಎರಡೂ ಒಂದೇ ಕಾಯಿಲೆಯ ಎರಡು ಮುಖ. ಅಂಥವರಿಗೆ ಆ ಗುಳಿಗೆ ಒಂದನ್ನೇ ಕೊಟ್ಟರೆ ಮೇಲಕ್ಕೆ ಎತ್ತಿ ಎಸೆದುಬಿಡಬಹುದು. ಮನೆತನದ ಬಗ್ಗೆ ಕೇಳುವುದು ಅದಕ್ಕೇ. ಮತ್ತೆ, ಇದಕ್ಕೆ ಒಂದೇ ಒಂದು ಜೀನ್ ಇಲ್ಲ, ಬಟಾಣಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೂರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸಗಳು, ಒಂದೊಂದೂ ಕೂದಲೆಳೆಯಷ್ಟು ನೂಕುತ್ತವೆ. ಯಾವುದು ಎಷ್ಟು ನೂಕುತ್ತದೆ, ಯಾವ ರಾಸಾಯನಿಕದ ಮೂಲಕ, ಇದೆಲ್ಲ ಇನ್ನೂ ಪೂರ್ತಿ ತಿಳಿದಿಲ್ಲ ಎಂದು ಅವರೇ ಒಪ್ಪಿಕೊಂಡರು.

"ಅಂದ್ರ ಅತ್ತಿ ನನ್ನ ಮೈಮ್ಯಾಲ ಬಂದಿಲ್ಲ?" ಎಂದೆ, ತಮಾಷೆ ಮಾಡಲು ಹೋಗಿ.

"ಬರೋದೇನು ಬಂತು?" ಎಂದರು ಡಾಕ್ಟರಮ್ಮ. "ಸೋದರತ್ತಿ ಮತ್ತ ತಮ್ಮನ ಮಗಳು ಅಂದ್ರ ಸುಮಾರು ನಾಲ್ಕರಾಗ ಒಂದು ಪಾಲು ಇಬ್ಬರದೂ ಒಂದೇ ಇರ್ತದ. ನೀವು ಹುಟ್ಟಿದಾಗಿಂದ ಇರೋದು ಅದು."

ಅವರು ಧೈರ್ಯ ಹೇಳಲು ಹೇಳಿದ್ದು. ನನಗೆ ಮಾತ್ರ ಭಯ ಹೆಚ್ಚಿತು. ದೆವ್ವವಾದರೆ ಹೊರಗಿನಿಂದ ಬರುತ್ತದೆ, ಮಂತ್ರ ಹಾಕಿದರೆ ಹೊರಗೆ ಹೋಗುತ್ತದೆ. ಇದು ಬಂದೇ ಇಲ್ಲ, ಇಲ್ಲೇ ಇದೆ. ನನ್ನ ಬೆರಳು ಸೆರಗಿನ ಎಳೆ ಬಿಡಿಸುವಾಗ ಬಿಡಿಸುವುದು ನಾನೇ. ನನ್ನ ಕೈಗಳನ್ನು ತೊಡೆಯ ಕೆಳಗೆ ಅವುಚಿಕೊಂಡು ಕೂತೆ.

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. "ತಂದೆ ಕಡಿಯ ಅತ್ತಿ ಒಬ್ಬರು" ಎಂದು ಬರೆಯುತ್ತ, "ಇನ್ಯಾರಾದರೂ?" ಎಂದರು.

"ಇಲ್ರೀ, ಅಕ್ಕ ಒಬ್ಬಾಕಿನೇ" ಎಂದ ಅಪ್ಪ.

ಮೂಲೆಯ ಕುರ್ಚಿಯಲ್ಲಿದ್ದ ಆಯಿ ಗಂಟಲು ಸರಿಮಾಡಿಕೊಂಡಳು. "ಮಗಳದು ಬರದ್ರಿ. ಅದರ ಮ್ಯಾಲ ನನ್ನದು ಬರ್ಕೋರಿ."

"ಅವ್ವಾ, ಏನ್ ಮಾತಾಡ್ಲಿಕತ್ತೀ?" ಎಂದ ಅಪ್ಪ.

ಆಯಿ ಅವನ ಕಡೆ ನೋಡಲಿಲ್ಲ, ಡಾಕ್ಟರಮ್ಮನಿಗೇ ಹೇಳಿದಳು. "ಅಕಿ ಹುಟ್ಟಿದ ಮ್ಯಾಲ ನನಗ ಹಿಂಗೇ ಆಗಿತ್ರೀ. ಐನಾಪುರದಾಗ, ನನ್ನ ತವರುಮನ್ಯಾಗ ಬಾಣಂತನ. ಕೂಸಿನ ಮಾರಿ ನೋಡ್ಲಿಕ್ಕೂ ಮನಸಿದ್ದಿಲ್ಲ. ಗ್ವಾಡಿ ನೋಡ್ಕೋತ ಕುಂದ್ರತಿದ್ದೆ. ಒಂದಿನ ಮಧ್ಯಾಹ್ನ ಎಲ್ಲಾರೂ ಮಲಗಿದ್ರು. ಕೂಸಿಗಿ ತೊಟ್ಟಿಲದಾಗ ಹಾಕಿ, ಹೊಲದ ಬಾವಿಗಿ ಹೋದೆ. ಒಂದೊಂದೇ ಪಾವಟಿಗಿ ಇಳದು ತಳಕ್ಕ ಹೋದೆ."

ಡಾಕ್ಟರಮ್ಮ ಪೆನ್ನನ್ನು ಕೆಳಗಿಟ್ಟರು.

"ಬ್ಯಾಸಗಿ ನೋಡ್ರಿ. ಬಾವಿ ಒಣಗಿತ್ತು. ಬರೇ ಕೆಸರು. ಆ ಕೆಸರಾಗ ಭಾಳ ಹೊತ್ತು ಕುಂತೆ. ಆಮ್ಯಾಲ ಮನ್ಯಾಗ ಕೂಸು ಅಳಾಕತ್ತಿರಬೇಕು ಅನಿಸ್ತು, ಎದ್ದು ಬಂದೆ. ಯಾರಿಗೂ ಹೇಳಿಲ್ಲ. ನಮ್ಮ ಮನಿಯವರಿಗೂ ಹೇಳಿಲ್ಲ."

ಆಯಿ ಆಗ ಅಪ್ಪನ ಕಡೆ ತಿರುಗಿದಳು. ಅವನ ಮೊಣಕೈಯನ್ನು ಹಿಡಿದುಕೊಂಡಳು.

"ನೀ ಇನ್ನಾ ಹುಟ್ಟಿದ್ದಿಲ್ಲಪ್ಪಾ" ಎಂದಳು. "ಮಳಿಗಾಲ ಇದ್ದಿದ್ರ ನೀ ಇಲ್ಲ, ಇಕಿ ಇಲ್ಲ."